ಮಂತ್ರವಾದಿಗೆ ಕಬ್ಬಿಣದ ಅಂಗಿ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಆಡುವ ಕತೆಯಾಟ. ಅದರ ಮಂತ್ರವಾದಿಯನ್ನು ಕಂಡರೆ ಕೊಡಗಿನವನಾದ ನನಗೆ ಮೊದಲು ಸಿಟ್ಟೇ ಬರುತ್ತದೆ. ಸುತ್ತ ಬಾಣಗಳ ಸುರಿಮಳೆ, ಈ ಮಹಾಶಯ ತೆಳ್ಳನೆಯ ನಿಲುವಂಗಿ ತೊಟ್ಟು ನಿಂತಿರುತ್ತಾನೆ. ನಾವೋ, ಜಡಿಮಳೆಯ ಕಕ್ಕಡ ತಿಂಗಳಲ್ಲಿ ಹಾಲು ತರೋಕೂ ರೇನ್‌ಕೋಟ್, ಗಂಬೂಟು, ಅದರ ಮೇಲೊಂದು ಕೊಡೆ ಅಂತ ಹೊರಡುವ ಜನ. ಒಂದನೇ ಲೆವೆಲ್ಲಿನ ಮಂತ್ರವಾದಿಯ ಜೀವ ಅಂದರೆ ಆರೋ ಏಳೋ ಪಾಯಿಂಟು. ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸ ಗುರಿಯಿಟ್ಟು ಬಿಟ್ಟ ಒಂದು ಬಾಣಕ್ಕೆ ಎಂಟರ ತನಕ ಹೋಗುತ್ತದೆ. ಲೆಕ್ಕ ನೀವೇ ಹಾಕಿ.

ಅದಕ್ಕೇ ನನ್ನ ಮಂತ್ರವಾದಿಗೆ ಕಬ್ಬಿಣ ತೊಡಿಸುವುದೆಂದು ತೀರ್ಮಾನಿಸಿದೆ. ಸುಮ್ನೆ ತೊಡಿಸೋಕಾಗಲ್ಲ. ಐದನೇ ಆವೃತ್ತಿಯ ನಿಯಮದ ಪ್ರಕಾರ, ತರಬೇತಿ ಇಲ್ಲದ ಕವಚ ಹಾಕಿಕೊಂಡರೆ ಒಂದು ಮಂತ್ರವೂ ಹೊರಡುವುದಿಲ್ಲ. ಆದ್ದರಿಂದ ಮೊದಲ ಲೆವೆಲ್ಲು ಫೈಟರ್, ಅಂದರೆ ಯೋಧ; ಆಮೇಲೆ ವಿಝಾರ್ಡ್, ಅಂದರೆ ಮಂತ್ರವಾದಿ. ಉಲ್ಟಾ ಮಾಡಿದರೆ ಭಾರಿ ಕವಚದ ಯೋಗವಿಲ್ಲ. ಪ್ಲೇಟ್ ಕವಚಕ್ಕೆ 1,500 ಚಿನ್ನದ ನಾಣ್ಯ, ತೂಕ 65 ಪೌಂಡು. ಹೊತ್ತು ಸಲೀಸಾಗಿ ನಡೆಯಲು ಶಕ್ತಿ 15 ಇರಬೇಕು. ಬುದ್ಧಿಗೆ ಹೋಗಬೇಕಾದ ಅಂಕವೆಲ್ಲ ತೋಳಿಗೆ ಹೋಯಿತು. ಉಳಿದವರ ವಿಝಾರ್ಡ್‌ಗಳು ಐದನೇ ಲೆವೆಲ್ಲಿಗೇ ಬೆಂಕಿಯುಂಡೆ ಎಸೆಯುತ್ತಿದ್ದರೆ ನನ್ನವನು ಆರರ ತನಕ ಬಾಯಿ ಬಿಟ್ಟುಕೊಂಡು ನೋಡಬೇಕಾಯಿತು.

ಇರಲಿ. ಶತ್ರುವಿನ ಏಟು ತಗುಲಬೇಕಾದರೆ ಅವನ ದಾಳದ ಲೆಕ್ಕ ನನ್ನ ರಕ್ಷಣೆಯ ಅಂಕ ಮುಟ್ಟಬೇಕು. ಕವಚಕ್ಕೆ 18, ಗುರಾಣಿಗೆ 2, ಶೀಲ್ಡ್ ಮಂತ್ರ ಹಾಕಿದರೆ ಇನ್ನೊಂದು 5. ಒಟ್ಟು 25! ಓಗ್ರ್ ಅನ್ನೋ ದೈತ್ಯ ಬೀಸಿದ ದೊಣ್ಣೆ ಠಣ್ ಅಂತ ಹಿಂದಕ್ಕೆ ಹೋಗುವುದನ್ನು ನೋಡುವ ಸುಖವೇ ಬೇರೆ. ಸದ್ದಿಲ್ಲದೆ ನುಸುಳುವಾಗ ಮಾತ್ರ ನನ್ನನ್ನು ಎಲ್ಲರೂ ಹೊರಗೇ ಬಿಟ್ಟು ಹೋಗುತ್ತಿದ್ದರು.

ಕಕ್ಕಡ 18ರಂದು, ಅಂದರೆ ಆಗಸ್ಟ್ 3ಕ್ಕೆ, ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಆಟ. ಆಟ ನಡೆಸುವ ಡಂಜನ್ ಮಾಸ್ಟರ್ ಅವರ ಮಗನೇ. ಕರೆಂಟು ಎಂದಿನಂತೆ ಇಲ್ಲ. ಮೇಜಿನ ಮೇಲೆ ಎಮರ್ಜೆನ್ಸಿ ಲೈಟು, ನಕ್ಷೆ, ನಡುವೆ ಬಟ್ಟಲು ತುಂಬ ಮದ್ದುಸೊಪ್ಪಿನ ರಸದ ಮದ್ದು ಪಾಯಸ, ಕಡು ನೇರಳೆ ಬಣ್ಣದ್ದು. ಆಟದ ಕಾಡಿನೊಳಗೆ ಒಬ್ಬ ಡ್ರುಯಿಡ್, ಅಂದರೆ ಪ್ರಕೃತಿಯ ಮಂತ್ರ ಬಲ್ಲ ಮುದುಕ, ಎದುರಾದ. ಕತ್ತಿ ಎತ್ತಲಿಲ್ಲ, ಕಲ್ಲು ಎಸೆಯಲಿಲ್ಲ. ನನ್ನ ಕವಚಕ್ಕೆ ಬೆರಳು ತೋರಿಸಿ ಹೀಟ್ ಮೆಟಲ್ ಅಂದ.

ಲೋಹ ಕೆಂಪಗೆ ಕಾಯುವ ಮಂತ್ರ ಅದು. 25 ಇದ್ದರೇನು, 50 ಇದ್ದರೇನು, ತಡೆಯುವಂತಿಲ್ಲ. ಕಳಚೋಣ ಅಂದರೆ ಭಾರಿ ಕವಚ ಬಿಚ್ಚಲು ಐದು ನಿಮಿಷ ಬೇಕು. ಮಂತ್ರ ಇರುವುದೇ ಒಂದು ನಿಮಿಷ! ಗಂಬೂಟಿನೊಳಗೆ ಜಿಗಣೆ ಸೇರಿದಾಗ ಜಗಲಿಯಲ್ಲಿ ಒಂಟಿಕಾಲಲ್ಲಿ ಕುಣಿಯುತ್ತೇವಲ್ಲ, ಥೇಟ್ ಹಾಗೆ. ಬೂಟು ಬರಲ್ಲ, ಜಿಗಣೆ ಬಿಡಲ್ಲ.

ಮುದುಕನ ಮನಸ್ಸು ಅದರಲ್ಲೇ ನೆಟ್ಟಿರುವ ತನಕ ಮಂತ್ರ ನಿಲ್ಲುತ್ತದೆ. ಅವನ ಏಕಾಗ್ರತೆ ಕೆಡಿಸುವುದೊಂದೇ ದಾರಿ. ಬೆಂಕಿ ಎಸೆದೆ. ಏಟು ತಗುಲಿತೋ ಇಲ್ಲವೋ ಹೇಳುವುದು ದಾಳ; ಮೈ ಸುಡುತ್ತಿರುವಾಗ ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ಒಪ್ಪಿಕೊಳ್ಳಬೇಕು. ಒಂದು 19 ಬಿತ್ತು. ಇನ್ನೊಂದು ಟಣ್ಣನೆ ಪುಟಿದು ಪಾಯಸದ ಬಟ್ಟಲಿಗೆ ಹಾರಿತು.

ಎಲ್ಲರೂ ಬಗ್ಗಿ ನೋಡಿದೆವು. ನೇರಳೆ ಬಿಟ್ಟು ಬೇರೇನೂ ಕಾಣಲಿಲ್ಲ. ಇದು ಲೆಕ್ಕಕ್ಕಿದೆಯೋ ಇಲ್ಲವೋ ಅಂತ ಜಗಳ ಶುರುವಾಯಿತು. ಅಷ್ಟರಲ್ಲಿ ಚಿಕ್ಕಮ್ಮ ಸೌಟು ಹಾಕಿ ದಾಳ ಎತ್ತಿ, ನಲ್ಲಿಯಲ್ಲಿ ತೊಳೆದು ತಂದೇಬಿಟ್ಟರು. ಸಾಕ್ಷಿ ನೀರುಪಾಲು.

"ಅದಿರಲಿ, ಮೊದಲು ಆ ಮನುಷ್ಯನ ಅಂಗಿ ಬಿಚ್ಚಿಸ್ರೋ, ಪಾಪ!" ಅಂದರು.

"ಅದಕ್ಕೆ ಐದು ನಿಮಿಷ ಬೇಕಮ್ಮಾ," ಅಂದ ಮಗ, ಪಾಯಸ ಬಡಿಸಿಕೊಳ್ಳುತ್ತಾ.