ಕೊನೆಗೆ ಬಂದವರಿಗೆ ಸುಸ್ತಾಗಲ್ವಾ?

ನೇಪಾಳದ ಮುಸ್ತಾಂಗ್‌ನಲ್ಲಿ ಗೈಡ್ ಜೊತೆ ಎಂಟು ಜನರ ಮೌಂಟನ್ ಬೈಕ್ ಪ್ರವಾಸ. ನಾನು ಯಾವಾಗಲೂ ಕೊನೆ. ಅದಕ್ಕೆ ಬೇಸರವಿಲ್ಲ. ಮುಂದೆ ಹೋದವರು ಇಪ್ಪತ್ತು ನಿಮಿಷ ಕೂತು, ಚಹಾ ಕುಡಿದು, ಫೋಟೊ ತೆಗೆದುಕೊಂಡಿರುತ್ತಾರೆ. ನಾನು ಏದುಸಿರು ಬಿಡುತ್ತಾ ಬಂದು ಕಾಲು ಊರುವಷ್ಟರಲ್ಲಿ, ‘ಎಲ್ಲರೂ ಬಂದ್ರಲ್ಲ, ಹೊರಡೋಣ!’ ಅಲ್ಲಪ್ಪಾ, ವಿಶ್ರಾಂತಿ ಬೇಕಿರುವುದು ಯಾರಿಗೆ?

ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥದಿಂದ ಕಾಗ್ಬೇನಿಗೆ ಇಳಿಜಾರು, ಸರಿ. ಅಲ್ಲಿಂದ ಜೋಮ್ಸೋಮ್‌ಗೆ ಕಾಳಿಗಂಡಕಿ ಕಣಿವೆ. ಬೆಳಿಗ್ಗೆ 11 ದಾಟಿದರೆ ಗಾಳಿ ಎದುರಿಗೇ ಬೀಸುತ್ತದೆ, ಬಾಯಿ ತುಂಬ ಧೂಳು. ಬೇಗ ಹೊರಡೋಣ ಅಂದರೆ ಒಬ್ಬರ ಕ್ಯಾಮೆರಾ ಚಾರ್ಜ್ ಆಗಿರಲಿಲ್ಲ. ಅದಕ್ಕೆ ಮುಕ್ಕಾಲು ಗಂಟೆ ಕಾದರು! ನನಗೆ ಮಾತ್ರ ಎರಡು ನಿಮಿಷ ಇಲ್ಲ.

ಮುಕ್ತಿನಾಥಕ್ಕೆ ಜೀಪಲ್ಲಿ ಬಂದಿದ್ದ ಮೈಸೂರು ಕಡೆಯ ಅಜ್ಜಿಯೊಬ್ಬರು ನನ್ನ ಮುಖ ನೋಡಿ, ‘ದುಡ್ಡು ಕೊಟ್ಟು ಬಂದಿದ್ದೀಯೇನಪ್ಪಾ?’ ಅಂದರು. ಹೌದಜ್ಜಿ.