ಎಷ್ಟೊತ್ತಿನ ತನಕ ಇರ್ತೀರಾ?

ಇಂಗ್ಲೆಂಡಿಗೆ ಬಂದ ಹೊಸದು. ರೆಡಿಂಗ್ ಊರಿನ ಸಣ್ಣ ರಿಪೇರಿ ಅಂಗಡಿಯೊಂದರಲ್ಲಿ ಶೂ ಹೊಲಿಯೋಕೆ ಕೊಟ್ಟಿದ್ದೆ. ಸಂಜೆ ಆಫೀಸು ಮುಗಿಸಿ ಬರುವಷ್ಟರಲ್ಲಿ ಅಂಗಡಿ ತೆಗೆದಿರುತ್ತಾ ಅಂತ ಕೇಳಬೇಕಿತ್ತು, ಅಷ್ಟೆ. ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು, "ವೆನ್ ಆರ್ ಯು ಕ್ಲೋಸಿಂಗ್ ಡೌನ್?" ಎಂದೆ. ಅಂಗಡಿಯಾಕೆ ನನ್ನ ಮುಖ ನೋಡಿ, "ನಾಟ್ ಎನಿ ಟೈಮ್ ಸೂನ್, ಐ ಹೋಪ್!" ಎಂದು ನಕ್ಕರು. ಕ್ಲೋಸಿಂಗ್ ಡೌನ್ ಅಂದರೆ ವ್ಯಾಪಾರವನ್ನೇ ನಿಲ್ಲಿಸಿ ಕಾಯಂ ಬಾಗಿಲು ಹಾಕೋದಂತೆ. ಬೋಣಿ ಹೊತ್ತಿನಲ್ಲಿ ಒಳ್ಳೇ ಮಾತು ಆಡಿದ್ದೆ!

ಮುಂದಿನ ಸಲ ಎಚ್ಚರದಿಂದ "ವಾಟ್ ಆರ್ ಯುವರ್ ಟೈಮಿಂಗ್ಸ್?" ಎಂದು ಕೇಳಿದೆ. ಅದೂ ಸರಿಯಾಗಿ ಮುಟ್ಟಲಿಲ್ಲ. ಟೈಮಿಂಗ್ಸ್ ನಮ್ಮ ದೇಶದ ಇಂಗ್ಲಿಷು. ಇಲ್ಲಿ ಬೋರ್ಡಿನ ಮೇಲಿರೋದು ಓಪನಿಂಗ್ ಟೈಮ್ಸ್, ಇಲ್ಲಾ ಓಪನಿಂಗ್ ಅವರ್ಸ್. ಬಾಯಿಮಾತಿಗೆ ಅದೂ ಬೇಡ. "ವಾಟ್ ಟೈಮ್ ಡು ಯು ಕ್ಲೋಸ್?", "ಹೌ ಲೇಟ್ ಆರ್ ಯು ಓಪನ್?" ಅಂದರೆ ಮುಗೀತು.

ಗಮನಿಸಿ, ಈ ಪ್ರಶ್ನೆಗಳಲ್ಲಿ 'ಶಾಪ್' ಅನ್ನೋ ಪದವೇ ಇಲ್ಲ. ಮುಚ್ಚೋದು ಅಂಗಡಿಯಲ್ಲ, 'ನೀವು'. ಇದು ನಮಗೆ ಹೊಸದಾ? ನಮ್ಮ ತಿಪಟೂರಿನ ದಿನಸಿ ಅಂಗಡಿಯಲ್ಲಿ "ಅಣ್ಣಾ, ಎಷ್ಟೊತ್ತಿನ ತನಕ ಇರ್ತೀರಾ?" ಅಂತಲ್ವಾ ಕೇಳೋದು? "ತಮ್ಮ ಅಂಗಡಿಯು ಎಷ್ಟು ಗಂಟೆಗೆ ಮುಚ್ಚಲ್ಪಡುತ್ತದೆ" ಅಂತ ಯಾರೂ ಕೇಳಲ್ಲ. ಆದರೆ ಇಂಗ್ಲಿಷಿಗೆ ಬಂದ ಕೂಡಲೇ "ಅಟ್ ವಾಟ್ ಟೈಮ್ ವಿಲ್ ದ ಶಾಪ್ ಬಿ ಕ್ಲೋಸ್ಡ್" ಅಂತ ಶುರು ಮಾಡ್ತೀವಿ. ನನ್ನ ಕೇಳಿದರೆ ತಪ್ಪು ಕನ್ನಡದ್ದಲ್ಲ, ಸ್ಕೂಲಲ್ಲಿ ಉರು ಹೊಡೆದ ಪ್ಯಾಸಿವ್ ವಾಯ್ಸಿನದು. ಬೀದಿಗನ್ನಡದಲ್ಲೇ ಯೋಚಿಸಿದ್ದರೆ ಇಲ್ಲಿಯವರ ಮಾತಿಗೆ ಇನ್ನೂ ಹತ್ತಿರ ಇರ್ತಿದ್ದೆ.

ಪ್ರಶ್ನೆ ಹೀಗೆ ಹತ್ತಿರವಾದರೂ ಉತ್ತರ ಮಾತ್ರ ಬೇರೆ. ನಮ್ಮೂರಲ್ಲಿ ಶಟರ್ ಅರ್ಧ ಎಳೆದಿದ್ದರೂ ಬಗ್ಗಿ ಒಳಗೆ ನುಗ್ಗಬಹುದು. ಗಲ್ಲಾಪೆಟ್ಟಿಗೆ ಎಣಿಸುತ್ತಾ ಕೂತವರು ತಲೆ ಎತ್ತದೆ "ಏನ್ ಬೇಕಿತ್ತು?" ಅಂತಾರೆ, ಕಾಲು ಕೆಜಿ ತೊಗರಿಬೇಳೆ ಕಟ್ಟಿ ಕೊಡ್ತಾರೆ. "ಒಂಬತ್ತರ ತನಕ" ಅಂದರೆ ಸುಮಾರು ಒಂಬತ್ತು. ಇಲ್ಲಿ ಆರು ಅಂದರೆ ಆರು. ಆರಕ್ಕೆ ಐದು ನಿಮಿಷ ಇರುವಾಗಲೇ "ಸಾರಿ, ವಿ ಆರ್ ಜಸ್ಟ್ ಕ್ಲೋಸಿಂಗ್" ಅಂತಾರೆ. ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಇಲ್ಲ. ಕೌಂಟರಿನ ಹುಡುಗಿಗೂ ಬಸ್ಸು ಹಿಡಿಯೋದಿರುತ್ತೆ.

ಭಾನುವಾರದ ಕಥೆಯೇ ಬೇರೆ. 1994ರ ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಬೆಳಗ್ಗೆ 10ರಿಂದ ಸಂಜೆ 6ರ ಒಳಗೆ ಆರೇ ಗಂಟೆ ಕಾಲ ವ್ಯಾಪಾರ ಮಾಡಬಹುದು. ಸಣ್ಣ ಅಂಗಡಿಗೆ ಈ ಕಟ್ಟು ಇಲ್ಲ. ಇದು ಗೊತ್ತಿಲ್ಲದೆ ನಾಲ್ಕೂವರೆಗೆ ಚೀಲ ಹಿಡಿದು ಸೂಪರ್ ಮಾರ್ಕೆಟ್ಟಿನ ಮುಂದೆ ನಿಂತಿದ್ದೀನಿ. ಹಾಗಾಗಿ ಭಾನುವಾರ "ವಾಟ್ ಟೈಮ್ ಡು ಯು ಕ್ಲೋಸ್ ಟುಡೇ?" ಅಂತ ಆ ಟುಡೇ ಸೇರಿಸಿಯೇ ಕೇಳೋದು ಒಳ್ಳೇದು.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಬೀದಿ ಕೊನೆಯ ಉಲ್ಲನ್ ಅಂಗಡಿಗೆ ಒಬ್ಬರೇ ಹೋಗಿ, "ಟಿಲ್ ವಾಟ್ ಟೈಮ್ ಯು ಆರ್ ದೇರ್?" ಎಂದು ಕೇಳಿ ಬಂದರು. ವ್ಯಾಕರಣ ಸ್ವಲ್ಪ ಓರೆ, ಆದರೆ ಅಂಗಡಿಯವರು ತಟ್ಟನೆ ಉತ್ತರ ಕೊಟ್ಟಿದ್ದರು.

"ಹಾಫ್ ಫೈವ್ ಅಂದ್ರು ಕಣೋ. ಅಂದ್ರೆ ನಾಲ್ಕೂವರೆನಾ, ಐದೂವರೆನಾ?"

"ಐದೂವರೆ ಅಮ್ಮ."

"ಮತ್ತೆ ಅರ್ಧ ಯಾಕೆ ಮುಂಚೆ ಹೇಳ್ತಾರೆ?" ಅನ್ನುತ್ತಾ ಚಪ್ಪಲಿ ಮೆಟ್ಟಿ ಮತ್ತೆ ಹೊರಟರು.