ನೋವಿಲ್ಲದ ಚುಚ್ಚುಮದ್ದೇ ಮೇಲು ಎಂದವರಾರು?

ಬೆಂಗಳೂರಿನ ಖಾಸಗಿ ಕ್ಲಿನಿಕ್ಕುಗಳಲ್ಲಿ ಎಳೆಗೂಸಿನ ತಂದೆತಾಯಿಗೆ ಕೇಳುವ ಪ್ರಶ್ನೆಯೊಂದಿದೆ: ನೋವಿರುವ ಲಸಿಕೆ ಹಾಕಲೋ, ನೋವಿಲ್ಲದ್ದನ್ನೋ? ನೋವಿಲ್ಲದ್ದಕ್ಕೆ ದುಡ್ಡು ಹೆಚ್ಚು. "ಅಣ್ಣಾ, ಸರ್ಕಾರಿ ಆಸ್ಪತ್ರೆಯದಕ್ಕೆ ಮಗುವಿಗೆ ಜ್ವರ ಬರುತ್ತದಂತೆ. ನಿಮ್ಮ ಇಂಗ್ಲೆಂಡಿನಲ್ಲಿ ಯಾವುದನ್ನು ಹಾಕುತ್ತಾರೆ?" ಎಂದು ತಂಗಿ ಫೋನಿನಲ್ಲಿ ಕೇಳಿದಳು. ಇಲ್ಲಿ ಹಾಕುವುದು ನೋವು ಕಡಿಮೆಯಿರುವುದನ್ನೇ. ಅಷ್ಟನ್ನೇ ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ.

ಎರಡು ಲಸಿಕೆಗಳ ವ್ಯತ್ಯಾಸವಿರುವುದು ಮುಖ್ಯವಾಗಿ ನಾಯಿಕೆಮ್ಮನ್ನು ತಡೆಯುವ ಅಂಶದಲ್ಲಿ. ಸರ್ಕಾರ ಪುಕ್ಕಟೆಯಾಗಿ 6, 10, 14ನೇ ವಾರಗಳಲ್ಲಿ ಕೊಡುವ, ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ಬ್ಯಾಕ್ಟೀರಿಯ ಇಡಿಯಾಗಿ ಇರುತ್ತದೆ. ದುಬಾರಿಯದರಲ್ಲಿ ಅದರಿಂದ ಬೇರ್ಪಡಿಸಿದ ಕೆಲವೇ ಪ್ರೋಟೀನುಗಳು. ಇಡೀ ಬ್ಯಾಕ್ಟೀರಿಯ ಒಳಹೊಕ್ಕಾಗ ದೇಹದ ಕಾವಲು ಜೀವಕೋಶಗಳು ಅದನ್ನು ಗುರುತಿಸಿ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಸಂಕೇತ ಮಿದುಳಿಗೆ ಮುಟ್ಟಿದಾಗ ಮೈ ಕಾವೇರುತ್ತದೆ. ರೋಗಾಣುವಿನೊಡನೆ ಹೋರಾಡುವ ಪ್ರತಿಕಾಯಗಳು ತಯಾರಾಗುವುದು ಆಮೇಲಿನ ದಿನಗಳಲ್ಲಿ. ಹಾಗೆಂದು ಜ್ವರ ಬಾರದ ಮಗುವಿಗೆ ಲಸಿಕೆ ಹತ್ತಿಲ್ಲ ಎಂದು ಹಿರಿಯರು ಹೇಳುವುದೂ ಸರಿಯಲ್ಲ. ಆ ಮಗುವಿನಲ್ಲೂ ರಕ್ಷಣೆ ಬೆಳೆಯುತ್ತದೆ.

ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ಹೇಳದೆ ಬಿಡುವ ಮಾತೆಂದರೆ, ನೋವು ಕಡಿಮೆಯಿರುವ ಲಸಿಕೆಯ ರಕ್ಷಣೆ ಬೇಗ ಕುಂದುತ್ತದೆ. ಬ್ರಿಟನ್ 2004ರಲ್ಲಿ ಅದಕ್ಕೆ ಬದಲಾಯಿತು. ಹಸುಗೂಸುಗಳನ್ನು ಕಾಪಾಡಲು 2012ರಿಂದ ಬಸುರಿಯರಿಗೂ ಲಸಿಕೆ ಕೊಡುತ್ತಿದೆ. ಆದರೂ 2024ರಲ್ಲಿ ನಾಯಿಕೆಮ್ಮು ಇಲ್ಲಿ ಜೋರಾಗಿ ಹಬ್ಬಿ ಎಳೆಗೂಸುಗಳು ಸತ್ತವು. ಬಸುರಿಯರಲ್ಲಿ ಲಸಿಕೆ ಹಾಕಿಸಿಕೊಳ್ಳುವವರು ಕಡಿಮೆಯಾಗಿದ್ದೂ ಅದಕ್ಕೊಂದು ಕಾರಣ.

ಹೆದರಿಕೆಯ ಬೆಲೆಯನ್ನು ಈ ದೇಶ ಅದಕ್ಕೂ ಮೊದಲೇ ತೆತ್ತಿತ್ತು. ಇಡೀ ಬ್ಯಾಕ್ಟೀರಿಯದ ಲಸಿಕೆಯಿಂದ ಮಿದುಳಿಗೆ ಹಾನಿಯಾಗುತ್ತದೆ ಎಂಬ ಸುದ್ದಿ 1974ರ ಹೊತ್ತಿಗೆ ಹಬ್ಬಿ, ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ಸುಮಾರು ಶೇ. 80ರಿಂದ 30ಕ್ಕೆ ಕುಸಿಯಿತು. ಹಿಂದೆಯೇ ನಾಯಿಕೆಮ್ಮಿನ ದೊಡ್ಡ ಅಲೆಗಳು ಎದ್ದವು. ಶಾಶ್ವತ ಹಾನಿಯ ಆರೋಪ ಸಾಬೀತಾಗಲಿಲ್ಲ.

ಈಗ ಇಲ್ಲಿ ಎಂಟು ವಾರದ ಕೂಸಿಗೆ ಲಸಿಕೆ ಹಾಕುವಾಗ ನರ್ಸ್ ಜ್ವರದ ವಿಷಯವನ್ನು ತಾವೇ ಎತ್ತುತ್ತಾರೆ. ಮಿದುಳಿನ ಪೊರೆಯ ಸೋಂಕನ್ನು ತಡೆಯುವ ಮೆನಿಂಜೈಟಿಸ್ ಬಿ ಲಸಿಕೆಯ ಜೊತೆಗೆ ಪ್ಯಾರಸಿಟಮಾಲ್ ಯಾವಾಗ, ಎಷ್ಟು ಕೊಡಬೇಕೆಂದು ತಿಳಿಸುತ್ತಾರೆ. ಬಸುರಿಯರು ನುಂಗಿದ ಥ್ಯಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಬಳಿಕ 1964ರಲ್ಲಿ ಶುರುವಾದ ಯೆಲ್ಲೋ ಕಾರ್ಡ್ ವ್ಯವಸ್ಥೆಗೆ ಇಂದು ಯಾವ ತಾಯಿಯಾದರೂ ಅಡ್ಡಪರಿಣಾಮವನ್ನು ನೇರವಾಗಿ ತಿಳಿಸಬಹುದು.

ನಮ್ಮೂರಲ್ಲಿರುವ ಎರಡು ಸಂಗತಿಗಳು ಇಲ್ಲಿಲ್ಲ ಎಂಬುದನ್ನೂ ಹೇಳಲೇಬೇಕು. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಕೂರಿಸಿಕೊಳ್ಳುವ ಪದ್ಧತಿ ನಮ್ಮದು. ತೀರಾ ಅಪರೂಪದ ತೀವ್ರ ಅಲರ್ಜಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಆ ಹೊತ್ತಿನಲ್ಲೇ. ಇನ್ನು, ಇಂಗ್ಲೆಂಡಿನಲ್ಲಿ ಕೂಸಿರುವ ಮನೆಗೆ ಹೆಲ್ತ್ ವಿಸಿಟರ್ ಎಂಬ ದಾದಿ ಬರುವುದುಂಟು, ಆದರೆ ಊರಿನವಳೇ ಆಗಿ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯಂಥವರನ್ನು ನಾನು ಇಲ್ಲಿ ಕಂಡಿಲ್ಲ. ಒಂದೆರಡು ದಿನದ ಜ್ವರ ಸಹಜ. ಫಿಟ್ಸ್ ಬಂದರೆ, ಮಗು ಸಪ್ಪಗಾಗಿ ಜೋತುಬಿದ್ದರೆ, ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂಬ ಮಾತು ಆಕೆಯ ಬಾಯಿಂದ ಬಂದಷ್ಟು ಸಲೀಸಾಗಿ ಯಾವ ಕರಪತ್ರದಿಂದಲೂ ಮನೆಮಂದಿಗೆ ಮುಟ್ಟದು. ಅದಕ್ಕೆ ಬೇಕಾದ ಸಮಯವನ್ನೂ ತಕ್ಕ ಸಂಬಳವನ್ನೂ ಸರ್ಕಾರ ಆಕೆಗೆ ಕೊಡಬೇಕು.

ಅಡ್ಡಪರಿಣಾಮ ತಿಳಿಸಲು ಭಾರತದಲ್ಲೂ 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ನನ್ನ ತಂಗಿಗೆ ಅದು ಗೊತ್ತಿರಲಿಲ್ಲ. ಪ್ರತಿಯೊಂದು ಲಸಿಕಾ ಕೇಂದ್ರದ ಗೋಡೆಯ ಮೇಲೂ ಅದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು, ನೋವಿಲ್ಲದ್ದನ್ನು ಮಾರುವ ಕ್ಲಿನಿಕ್ಕುಗಳಲ್ಲೂ.